ನೊಫನೆಲೆ ಕಟ್ಟಿದ ಮಾತುಗಳು

ನೊಫನೆಲೆಗೆ ‘ಸತ್ಯ’ ಎನ್ನುವ ಮಾತನ್ನು ಆಡುವ ಹಕ್ಕಿರಲಿಲ್ಲ. ಅವಳೇನು ಸುಳ್ಳುಗಾತಿಯಲ್ಲ. ಇದ್ದದ್ದನ್ನು ಇದ್ದ ಹಾಗೆ ಮುಖದ ಮೇಲೆ ಹೇಳಿಬಿಡುವ ಹೆಂಗಸೆಂದು ಲುಥೂಬೆ ಹಳ್ಳಿಯ ಮಂದಿ ಅವಳಿಗೆ ಒಂದಿಷ್ಟು ಹೆದರುತ್ತಲೇ ಇದ್ದರು. ತೊಂದರೆ ಇದ್ದದ್ದು ಅವಳ ಮಾವನ ಹೆಸರಿನಲ್ಲಿ. ಆತನ ಹೆಸರು ನ್ಯಾನಿಸೊ. ಖೋಸಾ ಮಾತಿನಲ್ಲಿ ಸತ್ಯಕ್ಕೆ ಇನ್ಯಾನಿಸೊ ಎನ್ನುತ್ತಾರೆ. ಸೊಸೆಯಾದವಳು ಮಾವನ ಹೆಸರನ್ನು ಬಾಯಿಗೆ ತರಬಾರದು. ಹೆಸರು ಹಾಗಿರಲಿ, ಆ ಹೆಸರಿನ ಉಲಿ ಬೇರೆ ಯಾವ ಮಾತಿನೊಳಗೆ ಅಡಗಿ ಕೂತಿದ್ದರೂ ಆ ಮಾತನ್ನೂ ಮುಟ್ಟಬಾರದು. ಇದಕ್ಕೆ ನಮ್ಮಲ್ಲಿ ಮರ್ಯಾದೆ ಎನ್ನುತ್ತಾರೆ. ಗಂಡಸರ ಬಾಯಿಗೆ ಈ ಕಾಟ ಅಷ್ಟಾಗಿ ಇಲ್ಲ, ಆದ್ದರಿಂದ ಅವರಿಗೆ ಇದು ಬಹಳ ಒಳ್ಳೆಯ ಪದ್ಧತಿಯಾಗಿ ಕಾಣುತ್ತದೆ.

ಹೀಗಾಗಿ ಮದುವೆಯಾದ ದಿನವೇ ಅವಳ ಬಾಯಿಂದ ಒಂದು ಹಿಡಿ ಮಾತು ಕಳಚಿಕೊಂಡವು. ಮಾಂಸಕ್ಕೆ ಇನ್ಯಾಮ ಎನ್ನುತ್ತಾರೆ, ಅದು ಹೋಯಿತು. ಚಂದ್ರ ಎಂದರೆ ಇನ್ಯಾಂಗ, ಅದೂ ಹೋಯಿತು. ಪಾದ ಎಂದರೆ ಉನ್ಯಾವೊ. ಬ್ರೆಡ್ಡಿಗೆ ಇಸೊಂಕ ಎನ್ನುವುದರಿಂದ, ಆ ‘ಸೊ’ ಎಂಬ ಒಂದು ಉಲಿಗಾಗಿ ದಿನವೂ ತಿನ್ನುವ ಬ್ರೆಡ್ಡೂ ಹೋಯಿತು. ಅವಳ ಸ್ವಂತ ಹೆಸರು ಅದಕ್ಕೂ ಮೊದಲೇ ಹೋಗಿತ್ತು. ತವರಿನಲ್ಲಿ ಅವಳು ಖ್ವೇಝಿ. ಗಂಡನ ಮನೆಯವರು ನೊಫನೆಲೆ, ಅಂದರೆ ಒಪ್ಪುವವಳು, ಎಂದು ಹೊಸ ಹೆಸರಿಟ್ಟರು. ಒಪ್ಪುವವಳಂತೆ! ಇಟ್ಟವರಿಗೆ ಅವಳ ಪರಿಚಯ ಇನ್ನೂ ಆಗಿರಲಿಲ್ಲ.

ತ್ಸಿತ್ಸ ನದಿಯ ಆಚೆ ದಂಡೆಯಲ್ಲಿ ಹುಟ್ಟಿದ ಅವಳು ಸಣ್ಣವಳಿದ್ದಾಗಿನಿಂದಲೂ ಮಾತಿನ ಮಲ್ಲಿ. ಶಾಲೆಯಲ್ಲಿ ಗಲಾಟೆ ಮಾಡಿದ್ದಕ್ಕೆ ಮೇಷ್ಟ್ರು ಹೊರಗೆ ನಿಲ್ಲಿಸಿದರೆ ಕಿಟಕಿಯಲ್ಲಿ ತಲೆ ತೂರಿಸಿ ಒಳಗಿನವರಿಗೆ ಉತ್ತರ ಹೇಳಿಕೊಡುತ್ತಿದ್ದಳು. “ಇವಳನ್ನ ಕಟ್ಕೊಳ್ಳೋನು ಕಿವುಡನಾಗಿದ್ರೆ ಬದುಕ್ಕೊಂಡ” ಎಂದು ಅವಳ ಅಮ್ಮ ಬಂದವರೆದುರಿಗೆಲ್ಲ ಹೇಳುತ್ತಿದ್ದಳು. ಕಟ್ಟಿಕೊಂಡ ಝೋಲಿಲೆ ಕಿವುಡನಲ್ಲ. ಆದರೆ ಅವನು ರುಸ್ಟೆನ್‌ಬರ್ಗಿನ ಗಣಿಯಲ್ಲಿ ನೆಲದಡಿ ಕೆಲಸ ಮಾಡುತ್ತಿದ್ದ, ಡಿಸೆಂಬರಿಗೊಮ್ಮೆ ಮನೆಗೆ ಬರುತ್ತಿದ್ದ. ಹಾಗೂ ಬದುಕಿಕೊಳ್ಳಬಹುದು.

ಮದುವೆಯ ಔತಣದ ದಿನವೇ ಮೊದಲ ತಪ್ಪು ನಡೆಯಿತು. ತಲೆವಸ್ತ್ರವನ್ನು ಹುಬ್ಬಿನ ತನಕ ಇಳಿಸಿ, ಹೆಗಲಿಗೆ ಕಂಬಳಿ ಹೊದ್ದು, ಮಾಂಸ ತುಂಬಿದ ದೊಡ್ಡ ಬೋಗುಣಿ ಹೊತ್ತುಕೊಂಡು ಬಂದವಳು ಮರೆತು, “ಇನ್ಯಾಮ ಎಲ್ಲಿಡ್ಲಿ?” ಎಂದುಬಿಟ್ಟಳು. ಅಂಗಳದ ಹೆಂಗಸರು ಬಾಯಿಗೆ ಕೈ ಹಿಡಿದರು. ಗಂಡನ ಅಕ್ಕ ಥೋಝಾಮ ಮಾತ್ರ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು: “ನೋಡ್ರೇ, ನೋಡ್ರೇ! ಹೊಸ ಮಾಕೋಟಿ ನಮ್ಮಪ್ಪನ್ನ ಬೋಗುಣೀಲಿ ಹಾಕ್ಕೊಂಡು ಹೊತ್ಕೊಂಡು ಹೋಗ್ತಿದಾಳೆ!” ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಮಾಕೋಟಿ ಎಂದರೆ ಸೊಸೆ. ಆ ನಗುವನ್ನು ಆ ಸೊಸೆ ಎಂದೂ ಮರೆಯಲಿಲ್ಲ.

ಕಳೆದುಹೋದ ಮಾತಿಗೆ ಬದಲಿ ಮಾತನ್ನು ಅತ್ತೆಯಾದವಳು ಸೊಸೆಗೆ ಕೊಡುವುದು ವಾಡಿಕೆ. ಹಿಂದಿನವರು ಆಡಿ ಬಿಟ್ಟ ಮರ್ಯಾದೆಯ ಮಾತುಗಳು ಬೇಕಾದಷ್ಟಿವೆ. ನೊಫನೆಲೆಯ ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಅಕ್ಕಪಕ್ಕದ ಮುದುಕಿಯರು ಕರುಣೆಯಿಂದ ತಮ್ಮ ಹತ್ತಿರವಿದ್ದುದನ್ನು ಕೊಡಲು ಬಂದರು. ಅವಳು ಒಂದೆರಡು ದಿನ ಆಡಿ ನೋಡಿ ಮೂಗು ಮುರಿದಳು. “ಹಳೇ ಪೆಟ್ಟಿಗೆ ವಾಸನೆ ಹೊಡೀತಾವೆ. ನನ್ನ ಬಾಯಿಂದ ಕಿತ್ಕೊಂಡಿದ್ದಕ್ಕೆ ನಾನೇ ಮಾಡ್ಕೋತೀನಿ, ಬಿಡಿ” ಎಂದಳು.

ಮಾಡಿಕೊಂಡಳು ಕೂಡ. ಅವಳು ಕಟ್ಟಿದ್ದನ್ನು ಕನ್ನಡಕ್ಕೆ ಇಳಿಸುವುದಾದರೆ, ಮಾಂಸ ‘ಅಗಿತ’ವಾಯಿತು, ಚಂದ್ರ ‘ಇರುಳ್ದೀಪ’ವಾದ, ಪಾದ ‘ನಡಿಗ’, ಬ್ರೆಡ್ಡು ‘ಉಬ್ಬು’. ಬಾವಿಕಟ್ಟೆಯಲ್ಲಿ ಹೆಂಗಸರು ಮೊದಲು ಆಡಿಕೊಂಡರು. “ಇವತ್ತು ನಿನ್ನ ನಡಿಗಕ್ಕೆ ಮುಳ್ಳು ಚುಚ್ತೇನೇ?” ಎಂದು ಛೇಡಿಸಿದರು. ಆಮೇಲೆ, ಯಾರ ಯಾರ ಮಾವಂದಿರ ಹೆಸರಿನಲ್ಲಿ ‘ನ್ಯಾ’ ಇತ್ತೋ ಅವರು ಒಬ್ಬೊಬ್ಬರಾಗಿ ಬಂದು, “ಆ ಅಗಿತ ಅನ್ನೋದನ್ನ ನಾನೂ ಅನ್ಲಾ?” ಎಂದು ಕೇಳತೊಡಗಿದರು. ಅವಳು ಬಿಗುಮಾನ ತೋರಿಸದೆ ಧಾರಾಳವಾಗಿ ಕೊಟ್ಟಳು.

ಈ ಮಾತುಗಳಿಂದಾಗಿ ಒಬ್ಬ ಗಂಡಸು ನಗೆಪಾಟಲಾದದ್ದೂ ಉಂಟು. ಅಂಗಡಿಯ ಗೂಲೆಡ್ ಸೊಮಾಲಿಯಾದವನು. ಖೋಸಾದ ಒಂದಕ್ಷರವೂ ಗೊತ್ತಿಲ್ಲದೆ ಬಂದು, ಗಲ್ಲಾದ ಹಿಂದೆ ನಿಂತೇ ಕಲಿತವನು. ಅವನ ಅಂಗಡಿಗೆ ಬರುವವರೆಲ್ಲ ಹೆಂಗಸರು, ಹೆಚ್ಚಿನವರು ಸೊಸೆಯಂದಿರು. ಒಂದು ದಿನ ಕುರಿ ಕಾಯುವ ಮುದುಕರು ಅಂಗಡಿಗೆ ಹೋದಾಗ ಗೂಲೆಡ್ ಬಹಳ ಗೌರವದಿಂದ, “ಅಪ್ಪಾ, ಉಬ್ಬು ಕೊಡ್ಲಾ? ತಾಜಾ ಅಗಿತಾನೂ ಬಂದಿದೆ” ಎಂದ. ಮುದುಕರು ಬಾಗಿಲ ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಗಡ್ಡದ ಮಾಕೋಟಿ! ನಿನ್ನ ಮಾವ ಯಾರಯ್ಯಾ?” ಎಂದು ಕೇಳಿದರು. ಪಾಪ, ಅವನಿಗೆ ಮಾತು ಸಿಕ್ಕಿತ್ತು, ಅದು ಯಾರ ಬಾಯಿಗೆ ಸೇರಿದ್ದು ಎಂಬುದು ಮಾತ್ರ ಸಿಕ್ಕಿರಲಿಲ್ಲ. ಕಡೆಗೂ ಅವನು ಅದನ್ನು ಬಿಡಲಿಲ್ಲ, ಊರೂ ಅಭ್ಯಾಸ ಮಾಡಿಕೊಂಡಿತು.

ಕೆಲವು ವರ್ಷಕ್ಕೆ ಸಿನಾಝೊ ಹುಟ್ಟಿದಳು. ತಾಯಿಯೇ ತಾನೇ ಮಗುವಿಗೆ ಮೊದಲ ಮಾತು ಕೊಡುವವಳು? ಮಡಿಲಲ್ಲಿ ಕೂರಿಸಿಕೊಂಡು, ಮೆಕ್ಕೆಜೋಳದ ಪುಡಿಮುದ್ದೆಗೆ ಹುಳಿಹಾಲು ಕಲಸಿ ತಿನ್ನಿಸುತ್ತ, ಇರುಳ್ದೀಪ ತೋರಿಸಿ, ಪುಟ್ಟ ನಡಿಗಕ್ಕೆ ಮುತ್ತು ಕೊಟ್ಟು ಬೆಳೆಸಿದಳು. ಮಗು ಅದನ್ನೇ ಆಡಿತು. ಮಗಳು ಮೊದಲ ಸಲ “ಅಮ್ಮಾ, ಉಬ್ಬು” ಎಂದಾಗ ನೊಫನೆಲೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ತಾನು ಗತಿಯಿಲ್ಲದೆ ಕಟ್ಟಿದ ಮಾತು ಒಂದು ಮಗುವಿನ ಬಾಯಲ್ಲಿ ಹುಟ್ಟಿನ ಮಾತಿನ ಹಾಗೆ ಬಂತಲ್ಲ ಎಂದು ಅವಳು ಹಿಗ್ಗಿದಳು. ಹಗಲೆಲ್ಲ ಮಗು ತಾತನ ಹಿಂದೆ ದೊಡ್ಡಿಯ ಸುತ್ತ, ಕುರಿಗಳ ಸುತ್ತ ಅಲೆಯುತ್ತಿತ್ತು. ಮಾವ ಸೊಸೆ ಎದುರುಬದುರು ಕೂತು ಹರಟುವ ಪದ್ಧತಿ ನಮ್ಮಲ್ಲಿಲ್ಲ. ಊಟ ಇಡುವಾಗ ತಲೆ ತಗ್ಗಿಸಿ ಇಟ್ಟು ಹೋಗುವುದು, ಬೇಕಾದ್ದನ್ನು ಮಗುವಿನ ಮೂಲಕ ಹೇಳಿಸುವುದು, ಅಷ್ಟೇ. ತಾತನೂ ಮೊಮ್ಮಗಳೂ ದೊಡ್ಡಿಯಲ್ಲಿ ಏನು ಮಾತಾಡಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ.

ಮಗುವಿಗೆ ಮೂರು ತುಂಬುವ ಹೊತ್ತಿಗೆ ವುಯೆಲ್ವ ಎಂಬ ಹುಡುಗಿ ಊರಿಗೆ ಬಂದಳು. ವಿಶ್ವವಿದ್ಯಾಲಯದವಳು, ಮಕ್ಕಳು ಮಾತು ಹೇಗೆ ಕಲಿಯುತ್ತಾರೆ ಎಂದು ಓದುತ್ತಿದ್ದವಳು. ಅವಳೂ ಖೋಸಾದವಳೇ, ಆದರೆ ಪಟ್ಟಣದಲ್ಲಿ ಹುಟ್ಟಿ ಬೆಳೆದವಳು. ಅವಳ ಕಡೆ ಸೊಸೆಯಂದಿರು ಮಾವನ ಹೆಸರಿಗೆ ಹೆದರುವುದನ್ನು ಬಿಟ್ಟು ಒಂದು ತಲೆಮಾರಾಗಿತ್ತು. ಒಳ್ಳೆಯ ಹುಡುಗಿ. ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಿದ್ದಳು, ಹಿರಿಯರನ್ನು ಕಂಡರೆ ತಗ್ಗಿ ಮಾತಾಡುತ್ತಿದ್ದಳು. ಶಾಲೆಯ ಖಾಲಿ ಕೋಣೆಯಲ್ಲಿ ಊರಿನ ಸಣ್ಣ ಮಕ್ಕಳನ್ನೆಲ್ಲ ಕರೆಸಿ ಚಿತ್ರಗಳನ್ನು ತೋರಿಸಿ, “ಇದೇನು?” ಎಂದು ಕೇಳುವುದು ಅವಳ ಕೆಲಸ.

ನೊಫನೆಲೆ ಮಗಳಿಗೆ ಎಣ್ಣೆ ಹಚ್ಚಿ, ಒಗೆದ ಅಂಗಿ ತೊಡಿಸಿ, ಎದೆ ಉಬ್ಬಿಸಿಕೊಂಡು ಹೋದಳು. ಮಗು ಅಮ್ಮನ ಮಡಿಲಲ್ಲೇ ಕೂತಿತು. ನಾಯಿಯ ಚಿತ್ರಕ್ಕೆ ನಾಯಿ ಎಂದಿತು. ಚಂದ್ರನ ಚಿತ್ರ ಬಂತು. ಮಗು ಅಮ್ಮನ ಮುಖ ನೋಡಿ, “ಇರುಳ್ದೀಪ” ಎಂದಿತು. ವುಯೆಲ್ವ ಮತ್ತೊಮ್ಮೆ ತೋರಿಸಿದಳು. “ಇರುಳ್ದೀಪ” ಎಂದು ಮಗು ಇನ್ನೂ ಗಟ್ಟಿಯಾಗಿ ಹೇಳಿತು. ಪಾದಕ್ಕೆ ‘ನಡಿಗ’ ಬಂತು, ಮಾಂಸಕ್ಕೆ ‘ಅಗಿತ’ ಬಂತು. ಬ್ರೆಡ್ಡಿನ ಹೊತ್ತಿಗೆ ವುಯೆಲ್ವಳ ಹುಬ್ಬು ಗಂಟಾಗಿತ್ತು. ಮಕ್ಕಳು ಮುಖ ಓದುವುದರಲ್ಲಿ ಗಟ್ಟಿಗರು. ಸಿನಾಝೊ ಅಮ್ಮನ ಕಂಬಳಿಯೊಳಗೆ ಮುಖ ಹುದುಗಿಸಿ ಬಾಯಿ ಮುಚ್ಚಿಕೊಂಡಳು. ಉಳಿದ ಚಿತ್ರಗಳಿಗೆ ಉಸಿರೇ ಇಲ್ಲ.

“ಅದು ನನ್ನ ಮಾತು. ಮಾವನ ಹೆಸರಿಗೋಸ್ಕರ” ಎಂದು ನೊಫನೆಲೆ ವಿವರಿಸಲು ಹೋದಳು.

“ಮರ್ಯಾದೆ ಮಾತುಗಳು ಕೆಲವು ನನ್ನ ಹತ್ರಾನೂ ಇದಾವೆ ಅಕ್ಕ, ಮುದುಕಿಯರನ್ನ ಕೇಳಿ ಇಟ್ಕೊಂಡಿದೀನಿ” ಎಂದಳು ವುಯೆಲ್ವ. “ಆದ್ರೆ ಇವು ಅದ್ರಲ್ಲಿಲ್ಲ. ಮಗು ಬಾಯಿಗೆ ಬಂದಿದ್ದು ಹೇಳ್ತಿದೆಯೋ ಏನೋ ನಂಗೆ ಗೊತ್ತಾಗಲ್ಲ.” ಅವಳು ತನ್ನ ನಿಯಮದ ಪ್ರಕಾರ ಆ ಮಾತುಗಳ ಮುಂದೆ ತಪ್ಪು ಗುರುತು ಹಾಕಿಕೊಂಡಳು. ಆ ಗುರುತು ಊರಿನ ಆರೋಗ್ಯ ಕೇಂದ್ರಕ್ಕೆ ಹೋಯಿತು. ಅಲ್ಲಿನ ನರ್ಸ್ ನೊಫನೆಲೆಯನ್ನು ಕರೆಸಿ, ನಿಮ್ಮ ಮಗುವಿಗೆ ವಯಸ್ಸಿಗೆ ತಕ್ಕ ಮಾತಿಲ್ಲ, ಪಟ್ಟಣಕ್ಕೆ ಕರೆದೊಯ್ದು ತೋರಿಸಬೇಕು ಎಂದಳು. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ಸಂಜೆಯಾಗುವುದರೊಳಗೆ ಸಿನಾಝೊಳ ನಾಲಿಗೆ ಮಂದ ಎಂಬ ಸುದ್ದಿ ಊರು ತುಂಬಿ, ಫೋನಿನಲ್ಲಿ ಹರಿದು, ಈಸ್ಟ್ ಲಂಡನ್ ಎಂಬ ಕಡಲತೀರದ ಪಟ್ಟಣದಲ್ಲಿದ್ದ ಥೋಝಾಮಳ ಕಿವಿಗೂ ಬಿತ್ತು.

ಮಾರನೆಯ ದಿನ ಝೋಲಿಲೆ ಗಣಿಯಿಂದ ಫೋನ್ ಮಾಡಿದ. “ಅಕ್ಕ ಬರ್ತಿದಾಳೆ. ಮಗೂನ ತನ್ನ ಮನೆಗೆ ಕರ್ಕೊಂಡು ಹೋಗ್ತಾಳಂತೆ. ಅಲ್ಲಿ ಎಲ್ರೂ ಸರಿಯಾಗಿ ಮಾತಾಡ್ತಾರಲ್ಲ, ಕಲ್ತ್ಕೊಳ್ಳುತ್ತೆ.”

“ಎಷ್ಟು ದಿನಕ್ಕೆ?”

“ಶಾಲೆಗೆ ಸೇರೋವರೆಗೂ ಇರ್ಲಿ. ಆಮೇಲೆ ಅಲ್ಲೇ ಓದಿದ್ರೂ ಆಯ್ತು.”

“ನನ್ನ ಮಗು ಕಣೋ ಅದು!”

“ನಮ್ಮನೆ ಮಗು” ಎಂದ ಝೋಲಿಲೆ. “ಅಕ್ಕ ಹೇಳಿದ ಹಾಗೆ ಮಾಡು.”

ಅವಳು ಬಟ್ಟೆಯ ಬುಟ್ಟಿ ಹೊತ್ತುಕೊಂಡು ತ್ಸಿತ್ಸದ ದಂಡೆಗೆ ಹೋದಳು. ಚಳಿಗಾಲ, ಒಗೆಯಲು ಇನ್ಯಾರೂ ಬಂದಿರಲಿಲ್ಲ. ಮಗು ಕಲ್ಲಿನ ಮೇಲೆ ಕೂತು ನೀರಿಗೆ ಹುಲ್ಲು ಎಸೆಯುತ್ತಿತ್ತು. ಇಲ್ಲಿ ಕೇಳುವವರು ಯಾರೂ ಇಲ್ಲ, ಒಂದು ಸಲ ಹೇಳಿಕೊಟ್ಟರೆ ಎಲ್ಲ ಮುಗಿಯುತ್ತದೆ ಎಂದುಕೊಂಡು ಅವಳು ಮಗಳ ಪಾದ ಹಿಡಿದುಕೊಂಡಳು. “ನೋಡು ಮಗಾ, ಇದು...” ಎಂದಳು. ನಾಲಿಗೆ ಮೇಲೇಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಹುಡುಗಿಯಾಗಿದ್ದಾಗ ಅಷ್ಟು ಸಲೀಸಾಗಿ ಆಡುತ್ತಿದ್ದ ಮಾತು ಈಗ ಬೇರೆಯವರ ಮನೆಯ ವಸ್ತುವನ್ನು ಕದಿಯುವ ಹಾಗೆ ಅನ್ನಿಸಿತು. ಎಷ್ಟು ಒದ್ದಾಡಿದರೂ ಬಾಯಿಂದ ಬಂದದ್ದು ನಡಿಗವೇ. ಮಗು, “ಹೌದು, ನಡಿಗ” ಎಂದು ನಕ್ಕಿತು.

ಆಗ ಅವಳಿಗೆ ಬಂದ ಸಿಟ್ಟು ಹೇಳತೀರದು. ತನ್ನ ಮೇಲೆ, ಗಂಡನ ಮೇಲೆ, ಎಂದೋ ನಕ್ಕ ಅಂಗಳದ ಮೇಲೆ. ಜೊತೆಗೆ ಹೆದರಿಕೆಯೂ ಹೊಕ್ಕಿತ್ತು. ನೆನೆಸಿಕೊಂಡು ನೋಡಿದಳು, ಮಗಳ ಬಾಯಿಂದ ಆ ‘ನ್ಯಾ’ದ ಮಾತುಗಳನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಹಾಗಾದರೆ ಅವರು ಹೇಳುವುದು ಸರಿಯೇ ಇರಬಹುದೇ? ನನ್ನ ಬಾಯಿಯ ತೂತನ್ನು ಮಗುವಿನ ಬಾಯಿಗೂ ದಾಟಿಸಿದೆನೇ? ಬಟ್ಟೆಗಳನ್ನು ಬಂಡೆಗೆ ಬಡಿದು ಬಡಿದು ಹಿಂಡಿದಳು.

ಥೋಝಾಮ ಟ್ಯಾಕ್ಸಿಯಿಂದ ಇಳಿದಾಗ ಅವಳ ಕೈಯಲ್ಲಿ ಮಗುವಿಗೆಂದೇ ತಂದ ಹೊಸ ಜಾಕೆಟ್ಟು ಇತ್ತು. ಮಗಳು ಬಂದಳೆಂದು ನ್ಯಾನಿಸೊ ಒಂದು ಕುರಿ ಕಡಿದ. ಬಂದ ದಿನವೇ ಥೋಝಾಮ ಮಗುವಿನ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬಿದಳು. ನೊಫನೆಲೆ ಕಂಬಳಿ ಹೊದ್ದು ನೇರ ಶಾಲೆಗೆ ನಡೆದು, ವುಯೆಲ್ವಳ ಎದುರು ನಿಂತಳು.

“ನೀವು ಹಾಕಿದ ಗುರುತಿನಿಂದ ನಾಳೆ ನನ್ನ ಮಗು ಹೋಗುತ್ತೆ. ಬನ್ನಿ ನಮ್ಮನೆಗೆ. ಆ ಚಿತ್ರಾನೂ ತನ್ನಿ.”

ಗುರುತು ಇಲ್ಲಿಯವರೆಗೆ ಹೋಗುತ್ತದೆಂದು ವುಯೆಲ್ವ ಎಣಿಸಿರಲಿಲ್ಲ. ಚಿತ್ರಗಳ ಚೀಲ ಎತ್ತಿಕೊಂಡು ಬಂದಳು.

ಅಂಗಳದಲ್ಲಿ ಥೋಝಾಮ ಕುರ್ಚಿಯಲ್ಲಿ ಕೂತಿದ್ದಳು. ಮುದುಕ ದೂರದಲ್ಲಿ, ದೊಡ್ಡಿಯ ಗೋಡೆಯ ಮೇಲೆ, ಮೊಮ್ಮಗಳನ್ನು ಪಕ್ಕಕ್ಕಿಟ್ಟುಕೊಂಡು ಕುರಿಯ ಮಾಂಸ ಹೆಚ್ಚುತ್ತಿದ್ದ. ಸೊಸೆ ಗುಡಿಸಲಿನ ಬಾಗಿಲ ಬಳಿ ನಿಂತಳು.

“ಬಂದ್ಯಾ ಟೀಚರ್? ನೀನೇ ಹೇಳು ಇವಳಿಗೆ” ಎಂದಳು ಥೋಝಾಮ. “ಇವಳ ಮರ್ಯಾದೆ ಜಾಸ್ತಿಯಾಗಿ ನಮ್ಮ ಮಗು ನಾಲಿಗೆ ಗಂಟಾಗಿದೆ.”

“ಅಕ್ಕ” ಎಂದಳು ನೊಫನೆಲೆ. ದನಿ ತಗ್ಗಿಸಲಿಲ್ಲ. “ಆ ಮಾತು ಆಡಿದ್ದಕ್ಕೆ ಮದುವೆ ದಿನ ನನ್ನ ಆಡ್ಕೊಂಡು ನಕ್ರಿ. ಆಡದೆ ಇದ್ದಿದ್ದಕ್ಕೆ ಈಗ ಮಗು ಕಿತ್ಕೊಳ್ತೀರಿ. ಯಾವುದಾದ್ರೂ ಒಂದು ಹೇಳಿ, ಎರಡೂ ಹೇಳ್ಬೇಡಿ.”

“ನಾಲಿಗೆ ನೋಡು ಇವಳ್ದು! ಸತ್ಯ ಹೇಳು, ಮಗುಗೆ ಸರಿಯಾದ ಮಾತು ಬರುತ್ತಾ ಇಲ್ವಾ?”

“ಆ ಮಾತನ್ನ ನಿಮ್ಮಪ್ಪನ ಹೆಸರು ಮಾಡಿಟ್ಟಿದೀರಿ. ಬೇರೆ ಏನಾದ್ರೂ ಕೇಳಿ, ಹೇಳ್ತೀನಿ.”

ದೊಡ್ಡಿಯ ಕಡೆಯಿಂದ ಮುದುಕನ ಕೆಮ್ಮು ಕೇಳಿಸಿತು. ಅದು ನಗುವೋ ಕೆಮ್ಮೋ ತಿಳಿಯಲಿಲ್ಲ. ವುಯೆಲ್ವ ನಡುವೆ ಬಂದಳು.

“ಅಮ್ಮಾ, ಒಂದ್ನಿಮಿಷ. ಎರಡು ಭಾಷೆ ಕೇಳ್ತಾ ಬೆಳೆಯೋ ಮಕ್ಕಳದ್ದು ಒಂದನ್ನೇ ಎಣಿಸಿದ್ರೆ ಕಮ್ಮಿ ಅಂತ ಕಾಣುತ್ತೆ. ಎರಡನ್ನೂ ಕೂಡಿಸಿದ್ರೆ ಬೇರೆ ಮಕ್ಕಳ ಸಮ ಇರುತ್ತೆ. ಇದು ಎಷ್ಟೋ ಊರಲ್ಲಿ ನೋಡಿ ತಿಳ್ಕೊಂಡಿರೋ ಸಂಗತಿ.”

“ಹಾಗಾದ್ರೆ ನಂದೂ ಎಣಿಸಿ” ಎಂದಳು ನೊಫನೆಲೆ ತಟ್ಟನೆ.

“ಅಕ್ಕ, ಅದು... ಒಬ್ಬರೇ ಕಟ್ಟಿ ಆಡೋದನ್ನ ಭಾಷೆ ಅಂತ ಹೇಗೆ ಬರ್ಕೊಳ್ಳಿ?”

“ಒಬ್ಬಳಲ್ಲ. ನಾನಂತೀನಿ, ನನ್ನ ಮಗಳಿಗೆ ಅರ್ಥ ಆಗುತ್ತೆ. ಅವಳಂತಾಳೆ, ನಂಗೆ ಅರ್ಥ ಆಗುತ್ತೆ. ಇಬ್ಬರಾದ್ವಿ. ಎಷ್ಟು ಜನ ಆದ್ರೆ ಭಾಷೆ ಅಂತೀರಿ, ಹೇಳಿ?”

ವುಯೆಲ್ವ ಯೋಚಿಸಿದಳು. ಪ್ರಶ್ನೆ ಅವಳಿಗೆ ಹಿಡಿಸಿತ್ತು. “ಒಳ್ಳೇ ಮಾತು. ಎಣಿಸ್ಬೇಕು ಅಂತ ನಾನೂ ವಾದ ಮಾಡ್ತೀನಿ” ಎಂದಳು. “ಆದ್ರೆ ಊರಿನ ಮಾತು ಅವಳಿಗೆ ಬರುತ್ತಾ ಅಂತಾನೂ ನೋಡ್ಬೇಕಲ್ಲ? ಅವಳು ಇನ್ಯಾಮ ಅಂದಿದ್ದನ್ನ ನೀವು ಕೇಳಿದೀರಾ?”

ನೊಫನೆಲೆ ಇಲ್ಲವೆಂದು ತಲೆಯಾಡಿಸಿದಳು.

ಥೋಝಾಮಳಿಗೆ ಅಷ್ಟು ಸಾಕಾಯಿತು. ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಈಗ ಸ್ವಲ್ಪ ಮೆತ್ತಗಾಗಿ ಹೇಳಿದಳು: “ನೋಡು ಮಾಕೋಟಿ, ನಾನೇನು ರಾಕ್ಷಸಿಯಲ್ಲ. ನೀನೇ ಹೇಳ್ಕೊಡು. ಈ ಮನೆ ಮಗಳು ನಾನು, ನಾನೇ ಅಪ್ಪಣೆ ಕೊಡ್ತೀನಿ. ಇಲ್ಲೇ, ಈಗಲೇ, ಒಂದ್ಸಲ ಇನ್ಯಾಮ ಅನ್ನು. ಮಗು ನಿನ್ನ ಬಾಯಿ ನೋಡಿ ಕಲೀಲಿ. ಅಂದ್ಬಿಟ್ರೆ ಮಗೂನ ಇಲ್ಲೇ ಬಿಟ್ಟು ಹೋಗ್ತೀನಿ.”

ಎಲ್ಲರೂ ಅವಳ ಬಾಯನ್ನೇ ನೋಡಿದರು. ಒಂದು ಮಾತು ಆಡಿದರೆ ಮಗು ಉಳಿಯುತ್ತದೆ. ಗೋಡೆಯ ಮೇಲೆ ಕಾಲಾಡಿಸುತ್ತ ಕೂತ ಸಿನಾಝೊಳನ್ನು ಅವಳು ನೋಡಿದಳು.

“ಅನ್ನಲ್ಲ” ಎಂದಳು.

“ಏನು?”

“ಅನ್ನಲ್ಲ ಅಕ್ಕ. ಮುಚ್ಚು ಅಂದಾಗ ಮುಚ್ಚೋಕೆ, ತೆಗಿ ಅಂದಾಗ ತೆಗೆಯೋಕೆ ನನ್ನ ಬಾಯೇನು ನಿಮ್ಮನೆ ಬಾಗಿಲಲ್ಲ. ನೀವು ಕಿತ್ಕೊಂಡ ಜಾಗದಲ್ಲಿ ನಾನು ನಂದು ನೆಟ್ಟಿದೀನಿ. ಅದು ಬೆಳೆದು ನನ್ನ ಮಗಳ ಬಾಯಿಗೆ ಬಂದಿದೆ. ಈಗ ಬಂದು ಅದು ಕಳೆ ಅಂತೀರಿ. ನಾನು ಕೀಳಲ್ಲ. ಮಗು ಕರ್ಕೊಂಡು ಹೋಗ್ತೀರಾ? ಟ್ಯಾಕ್ಸಿ ಮುಂದೆ ಮಲಗ್ತೀನಿ, ನನ್ನ ಮೇಲೆ ಹತ್ತಿಸ್ಕೊಂಡು ಹೋಗಿ.”

ಸೊಸೆಯೊಬ್ಬಳು ಮಾವನಿರುವ ಅಂಗಳದಲ್ಲಿ ಹೀಗೆ ಮಾತಾಡಿದ್ದನ್ನು ಲುಥೂಬೆ ಕಂಡಿರಲಿಲ್ಲ. ಥೋಝಾಮ ಎದ್ದು ನಿಂತಳು. ಅಷ್ಟರಲ್ಲಿ ನ್ಯಾನಿಸೊ ಗೋಡೆಯಿಂದ ಇಳಿದ. ಮೆಲ್ಲಗೆ ನಡೆದು ಬಂದ, ಒಂದು ಕೈಯಲ್ಲಿ ಮೊಮ್ಮಗಳು, ಇನ್ನೊಂದು ಕೈಯಲ್ಲಿ ಆಗಷ್ಟೇ ಹೆಚ್ಚಿದ ಮಾಂಸದ ತುಂಡು. ಸೊಸೆ ತಲೆ ತಗ್ಗಿಸಿದಳು. ಬೈಗುಳ ಬೀಳುತ್ತದೆಂದು ಕಾದಳು.

ಮುದುಕ ಸೊಸೆಯ ಕಡೆ ನೋಡಲಿಲ್ಲ. ಮಗಳ ಕಡೆ ನೋಡುತ್ತ, ಮೊಮ್ಮಗಳಿಗೆ ಆ ತುಂಡನ್ನು ಹಿಡಿದು ತೋರಿಸಿ, ತೊದಲುತ್ತ ಕೇಳಿದ: “ಸಿನಾಝೊ, ಈ... ಅಗಿತ ಯಾರಿಗೆ ಕೊಡೋಣ?”

ಮಾವನೊಬ್ಬ ಸೊಸೆಯ ಮರ್ಯಾದೆಯ ಮಾತನ್ನು ತನ್ನ ಬಾಯಲ್ಲಿ ಆಡಿದ್ದ. ತನ್ನ ಹೆಸರನ್ನು ಕಾಯಲೆಂದು ಕಟ್ಟಿದ ಮಾತನ್ನು ಆತನೇ ಎತ್ತಿ, ಎಲ್ಲರೆದುರು, ತನ್ನದೆಂಬಂತೆ ಹಿಡಿದಿದ್ದ.

ಸಿನಾಝೊ ಕಿಲಕಿಲ ನಕ್ಕಳು. “ತಾತಾ! ಹಾಗನ್ಬಾರ್ದು ನೀನು! ಅದು ಅಮ್ಮನ ಮಾತು. ನೀನು ಇನ್ಯಾಮ ಅನ್ಬೇಕು. ನೀನೇನು ಮಾಕೋಟೀನಾ?”

ಹೇಳಿದ ಮೇಲೆ ಅವಳಿಗೆ ಅಮ್ಮ ಅಲ್ಲೇ ನಿಂತಿರುವುದು ನೆನಪಾಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ತಪ್ಪು ಮಾಡಿದವಳ ಹಾಗೆ ಅಮ್ಮನನ್ನು ನೋಡಿ, ತಾತನ ಕಾಲ ಹಿಂದೆ ಬಚ್ಚಿಟ್ಟುಕೊಂಡಳು.

“ಇಷ್ಟು ದಿನ ಎಲ್ಲಿ ಅಡಗ್ಸಿಟ್ಟಿದ್ಲು ಇದನ್ನ?” ಎಂದಳು ಥೋಝಾಮ.

“ಅಡಗ್ಸೋದೇನು ಬಂತು?” ಎಂದ ನ್ಯಾನಿಸೊ. “ಬೆಳಗಿಂದ ಸಂಜೆವರೆಗೂ ನನ್ನ ತಲೆ ತಿಂತಾಳೆ. ನಾಲಿಗೆ ಮಂದ ಅಂತೆ! ನನ್ನ ಯಾರು ಕೇಳಿದ್ರಿ? ಹೆಂಗಸರೆಲ್ಲ ಸೇರ್ಕೊಂಡು ಗುಸುಗುಸು ಅಂದ್ರಿ.”

ವುಯೆಲ್ವ ನೆಲದ ಮೇಲೆ ಕೂತುಬಿಟ್ಟಿದ್ದಳು. “ಅಮ್ಮನ ಎದುರಿಗೆ ಆಡಲ್ಲ ಅವಳು” ಎಂದು ತನಗೆ ತಾನೇ ಹೇಳಿಕೊಂಡಳು. “ಅವತ್ತು ನಿಮ್ಮ ಮಡಿಲಲ್ಲಿ ಕೂತಿದ್ಲಲ್ಲ ಅಕ್ಕ, ಅದಕ್ಕೇ. ಒಂದ್ಸಲ ನೀವು ಮನೆ ಹಿಂದೆ ಹೋಗ್ತೀರಾ?”

ನೊಫನೆಲೆ ಗುಡಿಸಲಿನ ಹಿಂಬದಿಗೆ ಹೋಗಿ ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅಂಗಳದಿಂದ ವುಯೆಲ್ವಳ ದನಿ ಕೇಳಿಸಿತು, ಇದೇನು, ಇದೇನು ಎಂದು. ಆಮೇಲೆ ಮಗಳ ದನಿ. ಇನ್ಯಾಂಗ. ಉನ್ಯಾವೊ. ಇಸೊಂಕ. ತಾನು ಬಾಯಿಬಿಟ್ಟು ಹೇಳಿಕೊಡದ, ಹೇಳಿಕೊಡಲು ಹೋಗಿ ಸೋತಿದ್ದ ಮಾತುಗಳು ಒಂದೊಂದಾಗಿ, ತೊಳೆದಿಟ್ಟ ಹಾಗೆ ಸ್ವಚ್ಛವಾಗಿ ಬರುತ್ತಿದ್ದವು. ದೊಡ್ಡಿಯಲ್ಲಿ, ದಾರಿಯಲ್ಲಿ, ಆಟದಲ್ಲಿ ಕೇಳಿ ಕೇಳಿ ಮಗು ಎಲ್ಲವನ್ನೂ ಎತ್ತಿಕೊಂಡಿತ್ತು. ಎತ್ತಿಕೊಂಡು, ಯಾರ ಮುಂದೆ ಯಾವುದು ಎಂದು ಬೇರೆ ಬೇರೆ ಇಟ್ಟಿತ್ತು. ಅಮ್ಮ ಆಡಬಾರದ ಮಾತನ್ನು ಅಮ್ಮನ ಕಿವಿಗೂ ಹಾಕಬಾರದೆಂದು ಆ ಮೂರು ವರ್ಷದ ತಲೆಗೆ ಯಾರು ಹೇಳಿದರೋ! ನೊಫನೆಲೆ ಅತ್ತಳು. ಮದುವೆಯ ದಿನ ಎಲ್ಲರೂ ನಕ್ಕಾಗಲೂ ಅಳದವಳು ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು, ದನಿ ಕೇಳಿಸದಂತೆ ಅತ್ತಳು.

ಮುಖ ಒರೆಸಿಕೊಂಡು ಅಂಗಳಕ್ಕೆ ಬಂದಾಗ ಮುದುಕ ಚೀಲದಿಂದ ಮಗುವಿನ ಬಟ್ಟೆಗಳನ್ನು ಹೊರಗೆ ತೆಗೆದು ಕಲ್ಲಿನ ಮೇಲಿಡುತ್ತಿದ್ದ. “ಮಗು ಎಲ್ಲಿಗೂ ಹೋಗಲ್ಲ” ಎಂದು ಅವನು ಹೇಳಿಯಾಗಿತ್ತು. ಥೋಝಾಮ ಬೇರೆ ಕಡೆ ಮುಖ ತಿರುಗಿಸಿ, ತಂದಿದ್ದ ಜಾಕೆಟ್ಟನ್ನು ಸಿನಾಝೊಳಿಗೆ ತೊಡಿಸುತ್ತ ಗುಂಡಿ ಹಾಕುತ್ತಿದ್ದಳು.

ವುಯೆಲ್ವ ಕಣ್ಣರಳಿಸಿಕೊಂಡು ಎದ್ದು ಬಂದಳು. “ಅಕ್ಕ, ಒಂದೂ ಬಿಡ್ಲಿಲ್ಲ! ಈ ಸಲ ಎಲ್ಲಾನೂ ಸರಿಯಾಗಿ ಹೇಳಿದ್ಲು. ಇವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಿ, ಈ ಸಲ ಸರಿಯಾಗಿ ಹೇಳಿದಾಳೆ ಅಂತ ಬರೆದು ಕೊಡ್ತೀನಿ.”

“ಈ ಸಲ ಅಲ್ಲ” ಎಂದಳು ನೊಫನೆಲೆ.

“ಹಾಂ?”

“ಅವತ್ತೂ ಸರಿಯಾಗೇ ಹೇಳಿದ್ಲು. ಹಾಗೇ ಬರೀರಿ.”

ವುಯೆಲ್ವ ಕೂತು, ಚೀಲದಿಂದ ಹಳೆಯ ಕಾಗದ ತೆಗೆದು, ಇರುಳ್ದೀಪದ ಮುಂದೆ ತಾನೇ ಹಾಕಿದ್ದ ತಪ್ಪು ಗುರುತನ್ನು ಹೊಡೆದುಹಾಕಿದಳು. ನೊಫನೆಲೆ ಅವಳ ಹೆಗಲ ಬಳಿ ನಿಂತು, ಅಗಿತ, ನಡಿಗ, ಉಬ್ಬು ಎಂದು ಒಂದೊಂದನ್ನೂ ಹೆಸರು ಹಿಡಿದು ತೋರಿಸಿದಳು. ಕೊನೆಯದನ್ನು ತಿದ್ದಿ ಮುಗಿಸುವವರೆಗೂ ಅಲ್ಲಿಂದ ಕದಲಲಿಲ್ಲ.